ಮನೆ, ಮಕ್ಕಳು, ಗೆಳೆಯರ ನಡುವೆ ಶಾಂತಿ ವಿಜಿಲ್‌ಗೆ ಹೋಗುವುದು ಹೇಗೆ?

ಹೋಗಬೇಕು ಅನಿಸುತ್ತದೆ, ಆದರೆ ಮನೆ ಬಿಟ್ಟು ಹೊರಡುವುದು ಹೇಗೆ? ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಮನೆಯವರಿಗೆ ಇಷ್ಟವಿಲ್ಲದಿದ್ದರೆ? ಗೆಳತಿಯನ್ನು ಕರೆದೆ, ಅವಳು ಮುಖ ತಿರುಗಿಸಿದಳು, ಈಗೇನು ಮಾಡಲಿ? ಶಾಂತಿ ವಿಜಿಲ್‌ಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಯುದ್ಧದ ಬಗ್ಗೆ, ರಾಜಕೀಯದ ಬಗ್ಗೆ ಕೇಳುವವರು ಕಡಿಮೆ. ಮನೆಯ ಬಗ್ಗೆ ಕೇಳುವವರೇ ಜಾಸ್ತಿ. ಹಾಗಾಗಿ ಈ ಲೇಖನದಲ್ಲೂ ಮನೆಗೆ, ಸ್ನೇಹಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೊಸಬರಿಗೆ ಒಂದು ವಿವರಣೆ. ಯುದ್ಧ ಬೇಡ ಎಂದು ಹೇಳಲೋ, ಹಿಂಸೆಯಲ್ಲಿ ಸತ್ತವರನ್ನು ನೆನೆಯಲೋ ಜನ ಒಂದು ಸಾರ್ವಜನಿಕ ಜಾಗದಲ್ಲಿ ಗೊತ್ತಾದ ಹೊತ್ತಿಗೆ ಸೇರಿ ಶಾಂತವಾಗಿ ನಿಲ್ಲುವುದಕ್ಕೆ ವಿಜಿಲ್ ಎನ್ನುತ್ತಾರೆ. ಮೆರವಣಿಗೆಯಲ್ಲಿ ನಡೆಯುತ್ತಾರೆ, ಘೋಷಣೆ ಕೂಗುತ್ತಾರೆ. ಇಲ್ಲಿ ಅದೆಲ್ಲ ಕಡಿಮೆ. ಕೈಯಲ್ಲಿ ಮೇಣದಬತ್ತಿಯೋ ಒಂದು ಫಲಕವೋ ಇರುತ್ತದೆ. ಅರ್ಧ ಗಂಟೆ, ಒಂದು ಗಂಟೆ ನಿಂತು ಎಲ್ಲರೂ ಮನೆಗೆ ಹೋಗುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಸಲ ಹೋಗಿ, ಆದರೆ ತಪ್ಪಿಸದೆ ಹೋಗಿ. ಸುದ್ದಿ ನೋಡಿ ಮನಸ್ಸು ಕಲಕಿದಾಗ ಪ್ರತಿ ವಾರ ಓಡಿಹೋಗುವುದು, ಮನೆಯಲ್ಲಿ ಕಿರಿಕಿರಿ ಶುರುವಾದ ಮೇಲೆ ಪೂರ್ತಿ ಬಿಟ್ಟುಬಿಡುವುದು, ಇದು ತೀರಾ ಸಾಮಾನ್ಯ. ಇಂಥ ಗುಂಪುಗಳು ಉಳಿದುಕೊಂಡು ಬಂದಿರುವುದು ತಿಂಗಳಿಗೆ ಒಂದೆರಡು ಸಲವಾದರೂ ಸರಿ, ವರ್ಷಗಟ್ಟಲೆ ಬರುವವರಿಂದ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

1. ಎಲ್ಲಿ ನಿಲ್ಲುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ಎಲ್ಲ ವಿಜಿಲ್‌ಗಳೂ ಒಂದೇ ಥರ ಇರುವುದಿಲ್ಲ. ಕೆಲವು ಪೂರ್ತಿ ಮೌನ. ಕೆಲವು ಕಡೆ ಸತ್ತವರ ಹೆಸರು ಓದುತ್ತಾರೆ. ಕೆಲವು ಪ್ರಾರ್ಥನೆಯ ರೂಪದಲ್ಲಿರುತ್ತವೆ. ಒಂದು ಘಟನೆ ನಡೆದ ಮರುದಿನ ದಿಢೀರನೆ ಸೇರುವ ಜನ ಬೇರೆ, ವಾರವಾರ ಒಂದೇ ಮೂಲೆಯಲ್ಲಿ ನಿಲ್ಲುವ ಗುಂಪು ಬೇರೆ. ದಿಢೀರ್ ಸಭೆಗಳಲ್ಲಿ ಸಿಟ್ಟು, ದುಃಖ ಎರಡೂ ಹಸಿಯಾಗಿರುತ್ತವೆ. ಯಾರು ಬರುತ್ತಾರೆ, ಏನು ಮಾತಾಡುತ್ತಾರೆ ಎಂದು ಹೇಳುವುದು ಕಷ್ಟ. ಮೊದಲ ಸಲಕ್ಕೆ ವಾರದ ಗುಂಪೇ ಒಳ್ಳೆಯದು.

ಹೋಗುವ ಮುಂಚೆ ನಾಲ್ಕು ವಿಷಯ ಕೇಳಿ. ಯಾರು ನಡೆಸುತ್ತಾರೆ? ಅವರ ಬೇಡಿಕೆ ಏನು? ಅನುಮತಿ ಬೇಕಿದ್ದರೆ ಅದನ್ನು ಪಡೆದಿದ್ದಾರಾ? ಮೌನವಾಗಿ ನಿಲ್ಲುವುದಾ, ಭಾಷಣ ಇದೆಯಾ? ಅವರ ಕರಪತ್ರವನ್ನು ತಲೆಬರಹ ನೋಡಿ ಮಡಚಿಡಬೇಡಿ, ಕೊನೆಯ ಸಾಲಿನವರೆಗೂ ಓದಿ. "ಶಾಂತಿ" ಎಂದು ಮೇಲೆ ಬರೆದು, ಕೆಳಗೆ ಒಂದು ಪಕ್ಷದ ಪ್ರಚಾರ ಮಾಡುವುದೂ ಇದೆ. ಅದು ನಿಮಗೆ ಒಪ್ಪಿಗೆಯಾದರೆ ಸರಿ, ಆದರೆ ಗೊತ್ತಿಲ್ಲದೆ ನಿಲ್ಲಬೇಡಿ.

ಒಂದು ದಿನ ರಸ್ತೆಯ ಆಚೆ ಬದಿಯಿಂದ ಸುಮ್ನೆ ನೋಡಿ ಬನ್ನಿ. ಯಾರಾದರೂ ಬೈದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಗುಂಪಿನ ಗುಣ ಅಲ್ಲೇ ಗೊತ್ತಾಗುತ್ತದೆ.

2. ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ

ದೀರ್ಘಕಾಲ ನಡೆದ ವಿಜಿಲ್‌ಗಳನ್ನು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅವುಗಳಿಗೆಲ್ಲ ಒಂದು ಗಟ್ಟಿಯಾದ ವಾರ ಇದೆ. 1988ರಲ್ಲಿ ಜೆರುಸಲೇಮಿನಲ್ಲಿ ಶುರುವಾದ "ವಿಮೆನ್ ಇನ್ ಬ್ಲ್ಯಾಕ್" ಮಹಿಳೆಯರು ಕಪ್ಪು ಬಟ್ಟೆ ತೊಟ್ಟು ಶುಕ್ರವಾರ ಒಂದು ಗಂಟೆ ಹೊತ್ತು ನಿಲ್ಲುತ್ತಿದ್ದರು. ಅದೇ ರೀತಿ ಮುಂದೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸೈನಿಕ ಸರ್ಕಾರ ಕಣ್ಮರೆ ಮಾಡಿದ ಮಕ್ಕಳನ್ನು ಹುಡುಕುತ್ತಾ 1977ರ ಏಪ್ರಿಲ್ 30ರಂದು ಪ್ಲಾಸಾ ದೆ ಮಾಯೊ ಚೌಕಕ್ಕೆ ಬಂದ ತಾಯಂದಿರು ಮುಂದೆ ಗುರುವಾರ ಮಧ್ಯಾಹ್ನ 3.30 ಎಂದು ಗೊತ್ತು ಮಾಡಿಕೊಂಡರು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಜಪಾನಿನ ರಾಯಭಾರ ಕಚೇರಿ ಎದುರು 1992ರ ಜನವರಿ 8ರಂದು ಶುರುವಾದ ಪ್ರತಿಭಟನೆಗೆ ಬುಧವಾರದ್ದೇ ಹೆಸರು ಬಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನ್ಯದ ಲೈಂಗಿಕ ಗುಲಾಮಗಿರಿಗೆ ಸಿಕ್ಕಿದ್ದ ಹೆಂಗಸರಿಗೆ ನ್ಯಾಯ ಕೇಳುವ ಪ್ರತಿಭಟನೆ ಅದು.

ಇವರಲ್ಲಿ ತುಂಬಾ ಜನ ಮನೆ, ಸಂಸಾರ ಇದ್ದ ಹೆಂಗಸರು. ದಿನ ಗೊತ್ತಿದ್ದರೆ ಮನೆಯ ಕೆಲಸವನ್ನು ಅದರ ಸುತ್ತ ಹೊಂದಿಸಿಕೊಳ್ಳಬಹುದು. "ಈ ವಾರ ಹೋಗಲಾ, ಬೇಡವಾ" ಎಂದು ಪ್ರತಿ ಸಲ ಯೋಚಿಸಬೇಕಾಗಿಲ್ಲ. ಮನೆಯವರಿಗೂ ಅದು ಅಭ್ಯಾಸವಾಗುತ್ತದೆ.

ಹೊತ್ತಿನ ಲೆಕ್ಕ ಹಾಕುವಾಗ ಹೆಚ್ಚಿನವರು ಎಡವುವುದು ಇಲ್ಲೇ. ವಿಜಿಲ್ ಒಂದು ಗಂಟೆ ಎಂದರೆ ಒಂದು ಗಂಟೆ ಎಂದುಕೊಳ್ಳುತ್ತಾರೆ. ಹೊರಡುವ ತಯಾರಿ, ದಾರಿ, ಮುಗಿದ ಮೇಲೆ ನಾಲ್ಕು ಮಾತು, ಮತ್ತೆ ದಾರಿ. ಸೇರಿಸಿದರೆ ಎರಡೂವರೆ ಗಂಟೆಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ಎರಡೂವರೆ ಗಂಟೆ ಎಂದೇ ಹೇಳಿ. ಒಂದು ಗಂಟೆ ಎಂದು ಹೇಳಿ ತಡವಾಗಿ ಬಂದರೆ, ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಶುರುವಿಗೆ ತಿಂಗಳಿಗೊಂದು ಸಲ ಸಾಕು. ಮೂರು ತಿಂಗಳು ಹಾಗೆ ಹೋಗಿ. ಆಮೇಲೆ ಹೆಚ್ಚಿಸಬೇಕಾ ಎಂದು ಯೋಚಿಸಿ. ವಾರದ ಗುಂಪು ಹತ್ತಿರದಲ್ಲಿ ಇಲ್ಲದಿದ್ದರೆ ವರ್ಷದ ಕೆಲವು ದಿನಗಳನ್ನಾದರೂ ಹಿಡಿಯಬಹುದು. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಶಾಂತಿ ದಿನ ಸೆಪ್ಟೆಂಬರ್ 21. ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದ ಆಗಸ್ಟ್ 6, ನಾಗಸಾಕಿಯ ಆಗಸ್ಟ್ 9 ಕೂಡ ಅನೇಕ ದೇಶಗಳಲ್ಲಿ ಜನ ಸೇರುವ ದಿನಗಳು.

3. ಮನೆಯಲ್ಲಿ ಮಾತಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಜನ ಹಾರಿಸಿಬಿಡುವ ಹಂತವೂ ಇದೇ.

ನೀವು ಹೊರಗೆ ಹೋದ ಆ ಎರಡೂವರೆ ಗಂಟೆಯಲ್ಲಿ ಯಾರ ಕೆಲಸ ಹೆಚ್ಚಾಗುತ್ತದೆ? ಮೊದಲು ಇದಕ್ಕೆ ಉತ್ತರ ಹುಡುಕಿ. ಅಡುಗೆ ಯಾರು ಮಾಡುತ್ತಾರೆ, ಮಗುವಿನ ಹೋಂವರ್ಕ್ ಯಾರು ನೋಡುತ್ತಾರೆ, ಹಾಸಿಗೆ ಹಿಡಿದ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಯಾರು ಕೊಡುತ್ತಾರೆ? ಲೋಕದ ಶಾಂತಿಗೆ ನಿಲ್ಲುವವರ ಮನೆಯಲ್ಲಿ ಒಬ್ಬರು ಮಾತ್ರ ಸದಾ ಪಾತ್ರೆ ತೊಳೆಯುತ್ತಾ ಉಳಿದರೆ ಅದು ಸರಿ ಅಲ್ವಲ್ಲ. ಹೆಂಡತಿ ಹೋದರೆ ಗಂಡ ಮನೆ ನೋಡಿಕೊಳ್ಳಲಿ, ಗಂಡ ಹೋದರೆ ಹೆಂಡತಿಗೆ ಅಷ್ಟೇ ಹೊತ್ತು ಬೇರೊಂದು ದಿನ ಬಿಡುವು ಸಿಗಲಿ. ಆ ಬಿಡುವನ್ನು ಅವರು ನಿದ್ದೆ ಮಾಡಿ ಕಳೆದರೂ ಕೇಳುವಂತಿಲ್ಲ. "ನಾನು ಒಳ್ಳೆಯ ಕೆಲಸಕ್ಕೆ ಹೋಗಿದ್ದೆ, ನೀನು ಸುಮ್ಮನೆ ಮಲಗಿದ್ದೆ" ಎಂಬ ಮಾತು ಒಮ್ಮೆ ಬಾಯಿಂದ ಬಂತೆಂದರೆ ಮುಗಿಯಿತು.

ಮಾತು ಶುರು ಮಾಡುವುದು ಹೇಗೆ? ಅಪ್ಪಣೆ ಕೇಳುವ ಧಾಟಿಯೂ ಬೇಡ, ತೀರ್ಪು ಓದುವ ಧಾಟಿಯೂ ಬೇಡ. "ತಿಂಗಳ ಮೊದಲ ಶನಿವಾರ ಸಂಜೆ ಅಲ್ಲಿ ಹೋಗಿ ನಿಲ್ಲಬೇಕು ಅಂತಿದ್ದೇನೆ. ಆರರಿಂದ ಎಂಟೂವರೆ ಆಗುತ್ತದೆ. ನಿನಗೆ ಯಾವುದು ಕಷ್ಟವಾಗುತ್ತದೆ ಹೇಳು." ಇಷ್ಟು ಸಾಕು. ಯುದ್ಧದ ಇತಿಹಾಸ ಹೇಳಲು ಹೋಗಬೇಡಿ. ಅವರು ಕೇಳಿದರೆ ಹೇಳಿ.

ಅವರಿಗೆ ನಿಮ್ಮ ನಿಲುವೇ ಒಪ್ಪಿಗೆಯಿಲ್ಲದಿದ್ದರೆ ಎರಡು ವಿಷಯವನ್ನು ಬೇರೆ ಮಾಡಿ. ಒಂದು, ಅಭಿಪ್ರಾಯದ ವ್ಯತ್ಯಾಸ. ಇನ್ನೊಂದು, ಭಯ. ಬಾಯಲ್ಲಿ "ಇದರಿಂದ ಏನು ಉಪಯೋಗ?" ಎಂದು ಬರುತ್ತದೆ. ಒಳಗೆ "ಪೊಲೀಸರು ಹಿಡಿದರೆ? ಅಕ್ಕಪಕ್ಕದವರು ಏನಂದಾರು? ಕೆಲಸಕ್ಕೆ ತೊಂದರೆಯಾದರೆ?" ಎಂಬ ಹೆದರಿಕೆ ಇರುತ್ತದೆ. ವಯಸ್ಸಾದ ಅಪ್ಪ ಅಮ್ಮನಲ್ಲಂತೂ ಇದೇ ಹೆಚ್ಚು. ಭಯಕ್ಕೆ ವಾದ ಮಾಡಿ ಪ್ರಯೋಜನವಿಲ್ಲ, ವಿವರ ಕೊಡಿ. ಜಾಗ ಎಲ್ಲಿ, ಎಷ್ಟು ಜನ, ನಡೆಸುವವರ ಫೋನ್ ನಂಬರ್ ಏನು, ನೀವು ಎಷ್ಟು ಹೊತ್ತಿಗೆ ವಾಪಸ್, ಗಲಾಟೆ ಶುರುವಾದರೆ ತಕ್ಷಣ ಹೊರಡುತ್ತೀರಿ ಎಂಬ ಮಾತು. ಮುಗಿದ ಕೂಡಲೇ ಒಂದು ಮೆಸೇಜ್ ಹಾಕಿ. ಸಾಧ್ಯವಾದರೆ ಒಂದು ಸಲ ಅವರನ್ನೇ ಕರೆದುಕೊಂಡು ಹೋಗಿ, ದೂರದಲ್ಲಿ ಕೂರಿಸಿ ತೋರಿಸಿ. ಸುಮ್ಮನೆ ನಿಂತ ಇಪ್ಪತ್ತು ಜನರನ್ನು ಕಣ್ಣಾರೆ ನೋಡಿದ ಮೇಲೆ ಎಷ್ಟೋ ಹೆದರಿಕೆ ತಾನಾಗಿಯೇ ಇಳಿಯುತ್ತದೆ.

ಅಭಿಪ್ರಾಯವೇ ಬೇರೆ ಇದ್ದರೆ ಬೇರೆ ಇರಲಿ ಬಿಡಿ. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಇರಬಹುದು. ನೀವು ನಿಲ್ಲುವುದನ್ನು ಅವರು ತಡೆಯುವುದಿಲ್ಲ, ಅವರು ಬರಬೇಕೆಂದು ನೀವು ಒತ್ತಾಯ ಮಾಡುವುದಿಲ್ಲ. ಇಷ್ಟಕ್ಕೆ ಒಪ್ಪಂದವಾದರೆ ದೊಡ್ಡದು. ಆದರೆ ಮನೆಯಲ್ಲಿ ಹೊಡೆತ ಬೀಳುವ ಭಯ ಇದ್ದರೆ ಇದು ಅಭಿಪ್ರಾಯದ ಪ್ರಶ್ನೆಯೇ ಅಲ್ಲ. ವಿಜಿಲ್ ಆಮೇಲೆ, ಮೊದಲು ನಂಬಿಕೆಯವರ ಜೊತೆ ಮಾತಾಡಿ ನಿಮ್ಮ ಸುರಕ್ಷೆ ನೋಡಿಕೊಳ್ಳಿ.

4. ಮಕ್ಕಳನ್ನು ಕರೆದೊಯ್ಯುವ ಮುಂಚೆ

ಕರೆದೊಯ್ಯಬಹುದು. ಆದರೆ ವಾರದ ಶಾಂತ ಗುಂಪಿಗೆ ಮಾತ್ರ, ಅದೂ ನೀವು ಒಬ್ಬರೇ ಒಂದೆರಡು ಸಲ ಹೋಗಿ ನೋಡಿದ ಮೇಲೆ. ಎದುರು ಗುಂಪು ಬರಬಹುದು, ಜನಜಂಗುಳಿ ಆಗಬಹುದು ಎಂಬ ಸುದ್ದಿ ಇದ್ದರೆ ಮಕ್ಕಳು ಮನೆಯಲ್ಲೇ ಇರಲಿ.

ಪುಟ್ಟ ಮಗು ಒಂದು ಗಂಟೆ ಸುಮ್ಮನೆ ನಿಲ್ಲುವುದಿಲ್ಲ. ನಿಲ್ಲಲಿ ಎಂದು ಬಯಸುವುದೂ ತಪ್ಪು. ಹದಿನೈದು ನಿಮಿಷ ನಿಂತು ಪಕ್ಕದಲ್ಲಿ ಆಟಕ್ಕೆ ಬಿಡಿ. ಅದಕ್ಕಾಗಿ ಜೊತೆಗೆ ಇನ್ನೊಬ್ಬ ದೊಡ್ಡವರು ಬೇಕು. ಒಬ್ಬರು ನಿಲ್ಲುವುದು, ಒಬ್ಬರು ಮಗುವನ್ನು ನೋಡಿಕೊಳ್ಳುವುದು, ಮಧ್ಯದಲ್ಲಿ ಅದಲುಬದಲು. ಮಗು "ಮನೆಗೆ ಹೋಗೋಣ" ಎಂದರೆ ಹೊರಡಿ. ಮುಂದಿನ ಸಲ ಅದು ಖುಷಿಯಿಂದ ಬರಬೇಕಲ್ವಾ?

ಏನು ಹೇಳಬೇಕು ಎಂದು ತುಂಬಾ ಜನ ಕೇಳುತ್ತಾರೆ. ಮಗು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಕೇಳದ್ದನ್ನು ತುಂಬಬೇಡಿ. "ದೂರದಲ್ಲಿ ಜಗಳ ನಡೆಯುತ್ತಿದೆ, ಜನರಿಗೆ ನೋವಾಗಿದೆ, ಅದು ನಿಲ್ಲಲಿ ಅಂತ ನಾವು ನಿಲ್ಲುತ್ತೇವೆ" ಎಂದರೆ ಆರು ವರ್ಷದವರಿಗೆ ಸಾಕು. ಗಾಯ, ಶವಗಳ ಚಿತ್ರ ಇರುವ ಫಲಕಗಳನ್ನು ಕೆಲವರು ತರುತ್ತಾರೆ. ಅಂಥವರ ಹತ್ತಿರ ಮಗುವನ್ನು ನಿಲ್ಲಿಸಬೇಡಿ. ಮಗು ಓದಲಾರದ, ಓದಿದರೂ ಅರ್ಥವಾಗದ ಫಲಕವನ್ನು ಅದರ ಕೈಗೆ ಕೊಟ್ಟು ಫೋಟೋ ತೆಗೆಯುವುದು ನನಗೆ ಹಿಡಿಸುವುದಿಲ್ಲ. ಹೇಳುವ ಮಾತು ನಿಮ್ಮದು, ಫೋಟೋದಲ್ಲಿ ಉಳಿಯುವ ಮುಖ ಅದರದು.

ಮನೆಯಲ್ಲಿ ಕೈಕೆಲಸ ಕೊಡುವುದು ಇದಕ್ಕಿಂತ ಒಳ್ಳೆಯ ದಾರಿ. ಕಾಗದದ ಕೊಕ್ಕರೆ ಮಡಿಸುವುದು ಶಾಂತಿಯ ಗುರುತಾಗಿದ್ದು ಸದಾಕೊ ಸಸಾಕಿ ಎಂಬ ಹುಡುಗಿಯಿಂದ. ಹಿರೋಶಿಮಾದಲ್ಲಿ ಬಾಂಬು ಬಿದ್ದಾಗ ಅವಳಿಗೆ 2 ವರ್ಷ. ಲುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದು 1955ರಲ್ಲಿ ತೀರಿಕೊಂಡಾಗ 12. ಆಸ್ಪತ್ರೆಯಲ್ಲಿ ಅವಳು ಕೊಕ್ಕರೆಗಳನ್ನು ಮಡಿಸುತ್ತಿದ್ದಳು. ಹಿರೋಶಿಮಾದ ಮಕ್ಕಳ ಶಾಂತಿ ಸ್ಮಾರಕಕ್ಕೆ ಇಂದಿಗೂ ಲೋಕದ ನಾನಾ ಕಡೆಯಿಂದ ಮಕ್ಕಳು ಮಡಿಸಿದ ಕೊಕ್ಕರೆಗಳು ಬರುತ್ತವೆ. ಎಂಟು, ಒಂಬತ್ತು ವರ್ಷದ ಮಕ್ಕಳು ಇದನ್ನು ಕುತೂಹಲದಿಂದ ಕೇಳುತ್ತಾರೆ, ಕೈಯಾರೆ ಮಡಿಸುತ್ತಾರೆ. ನೀವು ಹೋಗುವಾಗ ಅವುಗಳನ್ನು ತೆಗೆದುಕೊಂಡು ಹೋಗಿ.

ಹದಿಹರೆಯದವರದ್ದು ಬೇರೆ ಕಥೆ. ಅವರು ನಿಮಗಿಂತ ಹೆಚ್ಚು ತಿಳಿದುಕೊಂಡಿರಬಹುದು, ಪೂರ್ತಿ ಎದುರು ನಿಲುವಿನಲ್ಲೂ ಇರಬಹುದು. ಕರೆಯಿರಿ, "ಬೇಡ" ಎಂದರೆ ಅಲ್ಲಿಗೆ ಬಿಡಿ.

5. ಚೀಲದಲ್ಲಿ ಏನಿರಬೇಕು

ಹೆಚ್ಚೇನೂ ಬೇಡ. ನೀರು, ಗುರುತಿನ ಚೀಟಿ, ದಿನದ ಮಾತ್ರೆ, ಚಾರ್ಜ್ ಆದ ಫೋನ್, ಹವಾಮಾನಕ್ಕೆ ತಕ್ಕ ಬಟ್ಟೆ. ಮನೆಯವರ ಒಂದು ನಂಬರನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ, ಫೋನ್ ಸತ್ತರೆ ಬೇಕಾಗುತ್ತದೆ. ಹಣ್ಣು ಕತ್ತರಿಸುವ ಚಾಕುವನ್ನೂ ಚೀಲದಿಂದ ತೆಗೆದಿಡಿ. ತಪಾಸಣೆಯಲ್ಲಿ ಸಿಕ್ಕರೆ ವಿವರಿಸುವುದು ಕಷ್ಟ.

ಮೇಣದಬತ್ತಿ ಒಯ್ಯುವುದಾದರೆ ಗಾಜಿನ ಲೋಟದೊಳಗೆ ಇರಲಿ, ಇಲ್ಲವೇ ಕೆಳಗೆ ಕಾಗದದ ಬಟ್ಟಲು ಸಿಕ್ಕಿಸಿ. ಬರಿಗೈಯಲ್ಲಿ ಹಿಡಿದರೆ ಗಾಳಿಗೆ ಮೇಣ ಕೈಮೇಲೆ ಬೀಳುತ್ತದೆ. ಉದ್ದ ಕೂದಲು, ದುಪಟ್ಟಾ, ಪಕ್ಕದವರ ತೋಳು, ಮೂರನ್ನೂ ಗಮನಿಸಿ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ, ಐಸ್ ಹಚ್ಚಬೇಡಿ. ಮಕ್ಕಳ ಕೈಗೆ ಬ್ಯಾಟರಿ ದೀಪವೇ ಸಾಕು.

ಫಲಕದಲ್ಲಿ ಮೂರು, ನಾಲ್ಕು ಪದ ಸಾಕು. ವಾಹನದಲ್ಲಿ ಹೋಗುವವರು ಓದಬೇಕು, ಅವರಿಗೆ ಸಿಗುವುದು ಕೆಲವೇ ಕ್ಷಣ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ. ಏನು ಬರೆಯಬೇಕೆಂದು ತೋಚದಿದ್ದರೆ ಶಾಂತಿಯ ಚಿಹ್ನೆಯನ್ನೇ ಬರೆಯಿರಿ. ಒಂದು ವೃತ್ತ, ಮೇಲಿಂದ ಕೆಳಗೆ ಒಂದು ಗೆರೆ, ಮಧ್ಯದಿಂದ ಕೆಳಗೆ ಎರಡು ಓರೆ ಗೆರೆ. ಅದನ್ನು 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗಾಗಿ ಜೆರಾಲ್ಡ್ ಹೋಲ್ಟಮ್ ಎಂಬ ಕಲಾವಿದರು ರಚಿಸಿದರು. ಬಾವುಟ ಹಿಡಿದು ಅಕ್ಷರ ತೋರಿಸುವ ಸಂಕೇತ ಪದ್ಧತಿಯಲ್ಲಿ "ಎನ್" ಮತ್ತು "ಡಿ" ಎಂಬ ಎರಡು ಇಂಗ್ಲಿಷ್ ಅಕ್ಷರ ಅದರಲ್ಲಿವೆ. ಅಣ್ವಸ್ತ್ರ ತ್ಯಾಗ ಎಂಬ ಅರ್ಥದ ಪದಗಳ ಮೊದಲಕ್ಷರ ಅವು. ವ್ಯಕ್ತಿಗಳನ್ನು ಬೈಯುವ ಫಲಕ ಬೇಡ. ನಿಮ್ಮ ಪಕ್ಕ ನಿಂತವರೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

6. ನಿಂತ ಮೇಲೆ

ಹತ್ತು ನಿಮಿಷ ಮುಂಚೆ ಹೋಗಿ, ನಡೆಸುವವರಿಗೆ "ಹೊಸಬಳು" ಅಥವಾ "ಹೊಸಬ" ಎಂದು ಹೇಳಿ. ಅಲ್ಲಿ ಸ್ವಯಂಸೇವಕರು ಇರುತ್ತಾರೆ, ಕೆಲವು ಕಡೆ ಅವರನ್ನು ಮಾರ್ಷಲ್ ಎಂದು ಕರೆಯುತ್ತಾರೆ. ಜನ ರಸ್ತೆಗೆ ಇಳಿಯದಂತೆ ನೋಡಿಕೊಳ್ಳುವುದು, ಪೊಲೀಸರ ಜೊತೆ, ಪತ್ರಕರ್ತರ ಜೊತೆ ಮಾತಾಡುವುದು ಅವರ ಕೆಲಸ. ಅವರ ಮುಖ ಗುರುತು ಇಟ್ಟುಕೊಳ್ಳಿ.

ನಿಲ್ಲುವುದಕ್ಕೂ ಒಂದು ಕ್ರಮ ಇದೆ. ಮಂಡಿ ಬಿಗಿಹಿಡಿದು ಸೆಟೆದು ನಿಲ್ಲಬೇಡಿ. ರಕ್ತ ಕಾಲಿನಲ್ಲೇ ನಿಂತು ತಲೆಗೆ ಸಾಕಷ್ಟು ಹೋಗದೆ ತಲೆಸುತ್ತು ಬರುತ್ತದೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾ ಇರಿ, ಹಿಮ್ಮಡಿ ಎತ್ತಿ ಇಳಿಸಿ. ಬೇಕೆಂದಾಗ ಕೂತುಕೊಳ್ಳಿ. ಮಡಚುವ ಕುರ್ಚಿ ತಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ದಾರಿಯಲ್ಲಿ ಹೋಗುವವರು ಬೈಯುತ್ತಾರೆ. ಬೈಯದಿದ್ದರೆ ಅದೃಷ್ಟ. "ಆ ಕಡೆಯವರು ಸತ್ತಾಗ ಎಲ್ಲಿದ್ದೆ?" ಎಂಬುದು ಎಲ್ಲ ದೇಶಗಳಲ್ಲೂ ಕೇಳಿಬರುವ ಮಾತು. ಮೌನ ವಿಜಿಲ್‌ನಲ್ಲಿ ಉತ್ತರ ಕೊಡಬೇಡಿ, ಮುಖ ನೋಡಿ, ತಲೆ ಅಲ್ಲಾಡಿಸಿ, ಅಷ್ಟೇ. ನಿಜವಾಗಿ ಮಾತಾಡಬೇಕೆಂದು ಬಂದವರಿಗೆ ಕರಪತ್ರ ಕೊಟ್ಟು "ಮುಗಿದ ಮೇಲೆ ಮಾತಾಡೋಣ" ಎನ್ನಿ. ಕೆಲವರು ಕಾಯುತ್ತಾರೆ, ಅವರ ಜೊತೆ ಆಗುವ ಮಾತು ಚೆನ್ನಾಗಿರುತ್ತದೆ. ಒಬ್ಬರು ಮೈಮೇಲೆ ಬರುವಂತೆ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಸ್ವಯಂಸೇವಕರನ್ನು ಕರೆಯಿರಿ. ಫೋನ್ ಎತ್ತಿ ಅವರ ಮುಖಕ್ಕೆ ಹಿಡಿದರೆ ಸಿಟ್ಟು ಇಳಿಯುವುದಿಲ್ಲ, ಏರುತ್ತದೆ.

ಇನ್ನು ಪೊಲೀಸರು. ಶಾಂತಿಯಿಂದ ಸೇರುವುದು ಹಕ್ಕು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 20ನೇ ವಿಧಿ ಅದನ್ನು ಹೇಳುತ್ತದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 21ನೇ ವಿಧಿಯೂ ಅದನ್ನೇ ಹೇಳುತ್ತದೆ, ಜೊತೆಗೆ ಸಾರ್ವಜನಿಕ ಸುರಕ್ಷೆಯಂಥ ಕಾರಣಕ್ಕೆ ಕಾನೂನಿನ ಮೂಲಕ ಮಿತಿ ಹಾಕಲು ಅವಕಾಶ ಕೊಡುತ್ತದೆ. ಆ ಮಿತಿ ದೇಶದಿಂದ ದೇಶಕ್ಕೆ ಬೇರೆ. ಎಲ್ಲಿ ನಿಲ್ಲಬಹುದು, ಎಷ್ಟು ದಿನ ಮುಂಚೆ ತಿಳಿಸಬೇಕು, ಮೈಕ್ ಬಳಸಬಹುದಾ ಎಂಬುದನ್ನು ನಡೆಸುವವರಿಂದ ಕೇಳಿ ತಿಳಿಯಿರಿ. ಪೊಲೀಸರು "ಸರಿದು ನಿಲ್ಲಿ" ಎಂದರೆ ಅಲ್ಲೇ ವಾದಕ್ಕೆ ಇಳಿಯಬೇಡಿ, ನಡೆಸುವವರಿಗೆ ಬಿಡಿ. ಮನೆಯಲ್ಲಿ ಮಗು ಕಾಯುತ್ತಿರುವಾಗ ಬಂಧನದ ಅಪಾಯ ತೆಗೆದುಕೊಳ್ಳುವುದು ಬೇರೆಯೇ ನಿರ್ಧಾರ. ಅದನ್ನು ರಸ್ತೆಯಲ್ಲಿ ನಿಂತು ಸಿಟ್ಟಿನಲ್ಲಿ ಮಾಡುವಂಥದ್ದಲ್ಲ, ಮನೆಯಲ್ಲಿ ಕೂತು ಮಾಡುವಂಥದ್ದು. ಮೇಲೆ ಹೇಳಿದ ಬ್ಯೂನಸ್ ಐರಿಸ್ ತಾಯಂದಿರಿಗೆ ಪೊಲೀಸರು ಗುಂಪಾಗಿ ನಿಲ್ಲುವಂತಿಲ್ಲ, ನಡೆಯುತ್ತಾ ಇರಿ ಎಂದರು. ಅವರು ಇಬ್ಬಿಬ್ಬರಾಗಿ ಕೈಹಿಡಿದು ಚೌಕದ ಸ್ತಂಭದ ಸುತ್ತ ನಡೆಯತೊಡಗಿದರು. ಆಮೇಲೆ ಆ ನಡಿಗೆಯೇ ಅವರ ಗುರುತಾಯಿತು.

ಫೋಟೋ ವಿಷಯದಲ್ಲಿ ಒಂದು ಎಚ್ಚರಿಕೆ. ಪಕ್ಕದವರ ಮುಖ ಬರುವ ಚಿತ್ರವನ್ನು ಕೇಳದೆ ಹಾಕಬೇಡಿ. ಕೆಲಸದ ಕಡೆ ತೊಂದರೆ ಇರುವವರು, ಮನೆಯಲ್ಲಿ ಹೇಳದೆ ಬಂದವರು, ಆಶ್ರಯ ಕೇಳಿ ಬಂದ ಬೇರೆ ದೇಶದವರು ಆ ಸಾಲಿನಲ್ಲಿ ಇರಬಹುದು. ನಿಮ್ಮ ಚಿತ್ರ ಬೇಡವಾದರೆ ಹಿಂದಿನ ಸಾಲಿನಲ್ಲಿ ನಿಂತು ಫಲಕವನ್ನು ಎದೆಯಿಂದ ಮೇಲೆ ಹಿಡಿಯಿರಿ.

7. ಗೆಳೆಯರನ್ನು ಕಳೆದುಕೊಳ್ಳದೆ

ಒಂದು ಸಲ ಕರೆಯಿರಿ. ಒಂದೇ ಸಲ. ಎರಡನೆಯ ಸಲ ಕರೆದರೆ ಅದು ಒತ್ತಾಯ. ಗ್ರೂಪಿನಲ್ಲಿ ಎಲ್ಲರಿಗೂ ಸೇರಿಸಿ "ಬನ್ನಿ" ಎಂದು ಹಾಕುವುದಕ್ಕಿಂತ, ಬರಬಹುದು ಅನಿಸಿದ ಒಬ್ಬರಿಗೆ ಫೋನ್ ಮಾಡಿ. ಯಾವುದೋ ಹಳೆಯ ಸಹಪಾಠಿಗಳ ಗ್ರೂಪಿಗೆ ಯುದ್ಧದ ವಿಡಿಯೋ ತುಂಬಿದರೆ ಜನ ಓದುವುದೂ ಇಲ್ಲ, ನಿಮ್ಮ ಹೆಸರು ಕಂಡರೆ ಸಾಕು ಮುಂದೆ ಸರಿಸುತ್ತಾರೆ.

ಗೆಳತಿ ಮುಖ ತಿರುಗಿಸಿದರೆ ಕಾರಣ ಊಹಿಸಬೇಡಿ. ಅವಳ ನೆಂಟರು ಆ ಯುದ್ಧದ ಯಾವುದೋ ಒಂದು ಬದಿಯಲ್ಲಿ ಇರಬಹುದು. ಅಣ್ಣನೋ ಭಾವನೋ ಸೈನ್ಯದಲ್ಲಿ ಇರಬಹುದು. ನಿಮಗೆ ದೂರದ ಸುದ್ದಿಯಾದದ್ದು ಅವಳಿಗೆ ರಾತ್ರಿ ನಿದ್ದೆ ಕೆಡಿಸುವ ವಿಷಯ. "ನಿನ್ನ ಮನೆಯವರು ಹೇಗಿದ್ದಾರೆ?" ಎಂದು ಮೊದಲು ಕೇಳಿ, ನಿಮ್ಮ ನಿಲುವು ಆಮೇಲೆ. ಕೆಲವು ಸ್ನೇಹಗಳಲ್ಲಿ ಈ ಒಂದು ವಿಷಯವನ್ನು ಮಾತಾಡದೆ ಇರುವುದೇ ಸರಿ. ಅದನ್ನು ಹೇಡಿತನ ಎಂದು ಕರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆದರೆ ಸತ್ತವರನ್ನು ಕಂಡು ಗೇಲಿ ಮಾಡುವ ಗೆಳೆಯನ ಎದುರು ಸುಮ್ಮನಿರಬೇಕಾಗಿಲ್ಲ. "ಈ ಮಾತು ನನಗೆ ಹಿಡಿಸಲಿಲ್ಲ" ಎಂದು ಅಲ್ಲೇ ಹೇಳಿ.

ಗೆಳೆಯರ ಮದುವೆ, ಮಗುವಿನ ಹುಟ್ಟುಹಬ್ಬ, ಆಸ್ಪತ್ರೆಯಲ್ಲಿರುವ ಗೆಳತಿ, ಇವು ವಿಜಿಲ್ ದಿನವೇ ಬಂದರೆ? ಅವರ ಹತ್ತಿರ ಹೋಗಿ. ವಿಜಿಲ್‌ಗೆ ಸಾಲಿನಲ್ಲಿ ಇನ್ನೊಬ್ಬರು ಇರುತ್ತಾರೆ, ಆಸ್ಪತ್ರೆಯ ಮಂಚದ ಪಕ್ಕ ಇರಲಿಕ್ಕಿಲ್ಲ. ಗುಂಪಿನಲ್ಲಿ ಯಾರಾದರೂ ಇದಕ್ಕೆ ಹುಬ್ಬೇರಿಸಿದರೆ ಆ ಗುಂಪಿನ ಬಗ್ಗೆ ಸ್ವಲ್ಪ ಯೋಚಿಸಿ.

ಸಾಲಿನಲ್ಲಿ ಹೊಸ ಸ್ನೇಹವೂ ಹುಟ್ಟುತ್ತದೆ. ಪಕ್ಕದಲ್ಲಿ ನಿಂತವರೆಲ್ಲ ಎಲ್ಲ ವಿಷಯಕ್ಕೂ ನಿಮ್ಮಂತೆಯೇ ಯೋಚಿಸುತ್ತಾರೆ ಎಂದುಕೊಳ್ಳಬೇಡಿ. ದೇವರನ್ನು ನಂಬುವವರು, ನಂಬದವರು, ಯುದ್ಧವೇ ಬೇಡ ಎನ್ನುವವರು, ಈ ಯುದ್ಧ ಮಾತ್ರ ಬೇಡ ಎನ್ನುವವರು ಒಟ್ಟಿಗೆ ನಿಂತಿರುತ್ತಾರೆ. ಮುಗಿದ ಮೇಲೆ ಒಂಟಿಯಾಗಿ ಹೋಗುವ ಹಿರಿಯರ ಜೊತೆ ಬಸ್ ನಿಲ್ದಾಣದವರೆಗೆ ನಡೆಯಿರಿ. ಸ್ನೇಹ ಬೆಳೆಯುವುದು ಇಂಥ ಕಡೆ.

8. ಮನೆಗೆ ಬಂದ ಮೇಲೆ

ಬಾಗಿಲು ತೆರೆದ ಕೂಡಲೇ ಭಾಷಣ ಬೇಡ. ಅವರ ದಿನ ಹೇಗಿತ್ತು ಎಂದು ಕೇಳಿ. ಉಳಿದ ಕೆಲಸಕ್ಕೆ ಕೈ ಹಾಕಿ. ಹೆಸರು ಓದುವ ವಿಜಿಲ್‌ಗಳಿಂದ ಬಂದ ದಿನ ಮನಸ್ಸು ಭಾರವಾಗಿರುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಅಂಥ ದಿನ "ನನಗೆ ಹತ್ತು ನಿಮಿಷ ಬೇಕು" ಎಂದು ಹೇಳಿ ಪಕ್ಕಕ್ಕೆ ಕೂರುವುದು ಒಳ್ಳೆಯದು. ಆ ರಾತ್ರಿ ಯುದ್ಧದ ಸುದ್ದಿ ನೋಡುತ್ತಾ ಕೂರಬೇಡಿ.

"ಏನಾಯಿತು ಇದರಿಂದ?" ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಪ್ರಾಮಾಣಿಕವಾಗಿ ಉತ್ತರ ಕೊಡಿ. ಪೂರ್ವ ಜರ್ಮನಿಯ ಲೈಪ್‌ಜಿಗ್‌ನ ಸಂತ ನಿಕೋಲಸ್ ಚರ್ಚಿನಲ್ಲಿ 1982ರಿಂದ ಸೋಮವಾರ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಎಷ್ಟೋ ಸೋಮವಾರ ಬೆರಳೆಣಿಕೆಯ ಜನ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆಯ ನಂತರ ಸುಮಾರು 70,000 ಜನ ಬೀದಿಗೆ ಬಂದರು, ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. ಇದನ್ನು ಹೇಳಿ, ಆದರೆ ಇದನ್ನೊಂದನ್ನೇ ಹೇಳಬೇಡಿ. ಯುಗೊಸ್ಲಾವಿಯಾ ದೇಶ ಒಡೆದು ಯುದ್ಧಕ್ಕೆ ಇಳಿದಾಗ ಅದರ ರಾಜಧಾನಿ ಬೆಲ್‌ಗ್ರೇಡಿನಲ್ಲಿ 1991ರ ಅಕ್ಟೋಬರ್‌ನಿಂದ ಕಪ್ಪು ಬಟ್ಟೆ ತೊಟ್ಟು ಹೆಂಗಸರು ನಿಂತರು, ಬೈಗುಳ ತಿಂದರು. ಆದರೂ ಪಕ್ಕದ ಬೋಸ್ನಿಯಾದ ಯುದ್ಧ 1995ರವರೆಗೂ ನಡೆಯಿತು. ನಿಂತದ್ದರಿಂದ ಯುದ್ಧ ನಿಲ್ಲುತ್ತದೆ ಎಂಬ ಭರವಸೆ ಕೊಟ್ಟು ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಕರೆದುಕೊಂಡು ಹೋಗಬೇಡಿ. "ನಮ್ಮ ಹೆಸರಲ್ಲಿ ಬೇಡ ಅಂತ ಹೇಳೋಕೆ ಹೋಗಿದ್ದೆ" ಎಂದರೆ ಸಾಕು, ಅದು ಸುಳ್ಳಾಗುವುದಿಲ್ಲ.

9. ಬಿಡುವು ತೆಗೆದುಕೊಳ್ಳುವುದು

ಹೆರಿಗೆ, ಪರೀಕ್ಷೆ, ಮನೆಯಲ್ಲಿ ಕಾಯಿಲೆ, ಸುಮ್ಮನೆ ಸುಸ್ತು. ಯಾವ ಕಾರಣಕ್ಕಾದರೂ ಬಿಡಬಹುದು. ಹೇಳದೆ ಮಾಯವಾಗುವುದು ಬೇಡ, ಅಷ್ಟೇ. ನಿಮ್ಮ ಬಳಿ ಬ್ಯಾನರ್ ಇದ್ದರೆ, ಕೀಲಿ ಇದ್ದರೆ, ಅನುಮತಿ ಪತ್ರ ನಿಮ್ಮ ಹೆಸರಲ್ಲಿದ್ದರೆ ಇನ್ನೊಬ್ಬರಿಗೆ ಒಪ್ಪಿಸಿ. ಮನೆಯಿಂದಲೇ ಮಾಡುವ ಕೆಲಸವೂ ಇರುತ್ತದೆ: ಫಲಕ ಬರೆಯುವುದು, ಓದುವ ಹೆಸರುಗಳ ಪಟ್ಟಿ ಸರಿಪಡಿಸುವುದು, ವಿಜಿಲ್‌ಗೆ ಹೋಗುವವರ ಮಗುವನ್ನು ಆ ಎರಡೂವರೆ ಗಂಟೆ ನೋಡಿಕೊಳ್ಳುವುದು. ಕೊನೆಯದಕ್ಕೆ ಎಲ್ಲ ಗುಂಪುಗಳಲ್ಲೂ ಜನ ಸಾಲುವುದಿಲ್ಲ.

ಮತ್ತೆ ಬರುವಾಗ ಒಂದು ದಿನ ಮುಂಚೆ ಯಾರಿಗಾದರೂ ಫೋನ್ ಮಾಡಿ ಕೇಳಿ. ನೀವಿಲ್ಲದಾಗ ಜಾಗವೋ ಹೊತ್ತೋ ಬದಲಾಗಿರಬಹುದು.